ಉಂಡ ಜೋಳದ ಋಣ ಮತ್ತು ಒಡೆಯನ ಹೊಣೆ

ನಾಯಕತ್ವವನ್ನು ಕುರಿತು ಈಚಿನ ವರ್ಷಗಳಲ್ಲಿ ಬರುತ್ತಿರುವ ಪುಸ್ತಕಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಕೃತಜ್ಞತೆಗೆ ಗೌರವದ ಸ್ಥಾನವಿದೆ. ಉಪಕಾರವನ್ನು ನೆನೆಯುವ ಮನಸ್ಸು ವ್ಯಕ್ತಿಯನ್ನು ಬೆಳೆಸುತ್ತದೆ, ಬೆಳೆದ ವ್ಯಕ್ತಿ ಇತರರನ್ನು ಮುನ್ನಡೆಸಬಲ್ಲ ಎಂಬುದು ಆ ಬೋಧನೆಯ ಸಾರ. ಇದು ಸುಳ್ಳಲ್ಲವಾದರೂ ಇಷ್ಟಕ್ಕೇ ನಿಲ್ಲುವ ಬೋಧನೆ ಒಂದು ಮುಖ್ಯವಾದ ಪ್ರಶ್ನೆಯನ್ನು ಕೇಳದೆ ಬಿಡುತ್ತದೆ: ಕೃತಜ್ಞತೆ ಯಾರಿಂದ ಯಾರಿಗೆ ಸಲ್ಲಬೇಕು? ಅಧಿಕಾರ, ಅನ್ನ, ಉದ್ಯೋಗ, ಆಶ್ರಯ ಇವುಗಳನ್ನು ಹಂಚುವ ಸ್ಥಾನದಲ್ಲಿರುವವನಿಗೆ ಅವುಗಳನ್ನು ಪಡೆದವನು ಸಲ್ಲಿಸುವ ಕೃತಜ್ಞತೆಯೂ, ದುಡಿದವನಿಗೆ ದುಡಿಸಿಕೊಂಡವನು ಸಲ್ಲಿಸಬೇಕಾದ ಕೃತಜ್ಞತೆಯೂ ಹೆಸರಿನಲ್ಲಿ ಒಂದೇ ಆದರೂ ಅವುಗಳ ಪರಿಣಾಮ ಬೇರೆ ಬೇರೆ. ಮೊದಲನೆಯದು ಎಷ್ಟೇ ಪ್ರಾಮಾಣಿಕವಾಗಿದ್ದರೂ ಬಂಧನವಾಗುವ ಅಪಾಯವನ್ನು ಹೊತ್ತೇ ಇರುತ್ತದೆ. ಆ ಅಪಾಯದಿಂದ ಅದನ್ನು ಕಾಯುವ ಹೊಣೆ ಪಡೆದವನಿಗಿಂತ ಹೆಚ್ಚಾಗಿ ಕೊಟ್ಟವನದು. ಕನ್ನಡ ನಾಡಿನ ಶಾಸನಗಳೂ ಕಾವ್ಯಗಳೂ ಈ ವಿಷಯವನ್ನು ಬಹು ಹಿಂದೆಯೇ ಆಳವಾಗಿ ಶೋಧಿಸಿರುವುದರಿಂದ, ಇದರ ವಿಚಾರಣೆಗೆ ಹೊರಗಿನ ನಿದರ್ಶನಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಪ್ರಾಚೀನ ಕರ್ನಾಟಕದ ವೀರರ ನೀತಿಯಲ್ಲಿ ಜೋಳವಾಳಿ, ವೇಳೆವಾಳಿ ಎಂಬ ಎರಡು ಕಲ್ಪನೆಗಳಿದ್ದವು. ಒಡೆಯನ ಮನೆಯ ಜೋಳವನ್ನು ಉಂಡವನು ಆ ಋಣವನ್ನು ಯುದ್ಧಭೂಮಿಯಲ್ಲಿ ತೀರಿಸಬೇಕೆಂಬ ಕಟ್ಟುಪಾಡು ಜೋಳವಾಳಿ. ಒದಗಿದ ವೇಳೆಯಲ್ಲಿ ಒಡೆಯನಿಗಾಗಿ ಪ್ರಾಣವನ್ನು ಒಪ್ಪಿಸುತ್ತೇನೆಂದು ಮೊದಲೇ ಕೈಗೊಂಡ ಪ್ರತಿಜ್ಞೆ ವೇಳೆವಾಳಿ. ಈ ಎರಡನೆಯದು ಬೆಳೆದು ಗರುಡರೆಂಬ, ಲೆಂಕರೆಂಬ ನಿಷ್ಠಾವಂತ ಸೇವಕರ ಪರಂಪರೆಯೇ ರೂಪುಗೊಂಡಿತು. ಒಡೆಯನು ಸತ್ತಾಗ ತಾವೂ ಸಾಯುವುದು ಇವರ ವ್ರತವಾಗಿತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲಿ ಇಂದಿಗೂ ನಿಂತಿರುವ ಕಂಬವೊಂದು, ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ಆಪ್ತ ದಂಡನಾಯಕ ಕುವರ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಅವರ ಅನುಯಾಯಿಗಳೂ ಮಾಡಿಕೊಂಡ ಆತ್ಮಬಲಿಯ ಸ್ಮಾರಕ. ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಶಿಲ್ಪಗಳು ಅದರ ಮೇಲಿವೆ. ಮಂಡ್ಯ ಜಿಲ್ಲೆಯ ಅಗ್ರಹಾರ ಬಾಚಹಳ್ಳಿಯ ಕಂಬಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಮನೆತನದವರು ತಲೆಮಾರುಗಳ ಉದ್ದಕ್ಕೂ ಹೊಯ್ಸಳ ಅರಸರೊಡನೆ ಗರುಡರಾಗಿ ಮಡಿದುದನ್ನು ದಾಖಲಿಸುತ್ತವೆ.

ಈ ಸ್ಮಾರಕಗಳ ಮುಂದೆ ನಿಂತವರಿಗೆ ಆ ವೀರರ ನಿಷ್ಠೆಯ ಬಗೆಗೆ ಗೌರವ ಮೂಡದಿರುವುದು ಸಾಧ್ಯವಿಲ್ಲ. ಆದರೂ ವಿಚಾರ ಮಾಡಬೇಕಾದ ಸಂಗತಿಯೊಂದಿದೆ. ಸತ್ತ ಒಡೆಯನಿಗೆ ಈ ಸಾವುಗಳಿಂದ ಯಾವ ರಕ್ಷಣೆಯೂ ದೊರೆಯಲಿಲ್ಲ, ಅವನ ರಾಜ್ಯಕ್ಕೂ ದೊರೆಯಲಿಲ್ಲ. ಆಡಳಿತವನ್ನೂ ಯುದ್ಧವನ್ನೂ ಬಲ್ಲ ಅನುಭವಿಗಳನ್ನು ರಾಜ್ಯವು ಅತ್ಯಂತ ಅಗತ್ಯವಾಗಿದ್ದ ಹೊತ್ತಿನಲ್ಲಿಯೇ ಕಳೆದುಕೊಂಡಿತು. ಕೃತಜ್ಞತೆ ಇಲ್ಲಿ ತನ್ನ ಉದ್ದೇಶದಿಂದ ಬೇರ್ಪಟ್ಟು, ಪಡೆದವನ ಇಡೀ ಬದುಕನ್ನು ಕೊಟ್ಟವನ ಆಯುಷ್ಯದ ಅಳತೆಗೆ ಕತ್ತರಿಸಿಬಿಟ್ಟಿದೆ. ಬಲ್ಲಾಳನಿಲ್ಲದ ಲೋಕದಲ್ಲಿ ಲಕ್ಷ್ಮನಿಗೆ ತನ್ನದೆಂಬ ಬಾಳು ಉಳಿಯಲಿಲ್ಲ. ವ್ಯಕ್ತಿತ್ವದ ಬೆಳವಣಿಗೆ ಎಂದರೆ ಪಡೆದುದನ್ನು ತನ್ನದಾಗಿಸಿಕೊಂಡು ಅದನ್ನು ಮುಂದಿನವರಿಗೆ ದಾಟಿಸುವ ಶಕ್ತಿ ಎಂದಾದರೆ, ಆ ಬೆಳವಣಿಗೆಗೆ ಇಲ್ಲಿ ದಾರಿಯೇ ಮುಚ್ಚಿಹೋಗಿದೆ.

ಇದಕ್ಕೆ ಎದುರಾಗಿ ಇಡಬಹುದಾದ ಇನ್ನೊಂದು ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, 10ನೆಯ ಶತಮಾನದ ನಡುಭಾಗದ ಈ ಶಾಸನ ತಕ್ಕೋಲದ ಯುದ್ಧವನ್ನು ನೆನೆಯುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಅದಕ್ಕಾಗಿ ಕೃಷ್ಣನು ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಕೈಕೆಳಗಿನ ವೀರ ಮಣಲೆರನೂ ಆ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ್ದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಕೇಳಿದುದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ನಾಯಿ ದೊಡ್ಡದೊಂದು ಕಾಡುಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೆರನು ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಪೂಜೆಗೆ ಕೆರೆಯ ಕೆಳಗಿನ ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆಂಬ ವಿಧಿಯನ್ನೂ ಬರೆಯಿಸಿದನು. ಬಾಳ್ಗಚ್ಚು, ಅಂದರೆ ರಕ್ತವಾದ ಕತ್ತಿಯನ್ನು ತೊಳೆಯುವ ಗೌರವದ ದತ್ತಿಯಾಗಿ ಊರುಗಳೂ ಅವನಿಗೆ ಸಂದುದನ್ನು ಅದೇ ಶಾಸನ ತಿಳಿಸುತ್ತದೆ.

ಈ ಶಾಸನವನ್ನು ಸಾಮಾನ್ಯವಾಗಿ ನಾಯಿಗೆ ನಿಲ್ಲಿಸಿದ ಅಪರೂಪದ ಕಲ್ಲೆಂದು ಬಣ್ಣಿಸಲಾಗುತ್ತದೆ. ಅದರಲ್ಲಿ ಕೃತಜ್ಞತೆ ಹರಿದಿರುವ ದಿಕ್ಕು ಅದಕ್ಕಿಂತ ಹೆಚ್ಚು ಗಮನಾರ್ಹವಾದುದು. ಸಾಮ್ರಾಟನು ಸಾಮಂತನ ಉಪಕಾರವನ್ನು ನೆನೆಯುತ್ತಾನೆ, ಒಡೆಯನು ಭಟನ ಉಪಕಾರವನ್ನು, ಭಟನು ತನ್ನ ನಾಯಿಯ ಉಪಕಾರವನ್ನು ನೆನೆಯುತ್ತಾನೆ. ಪ್ರತಿಯೊಂದು ಹಂತದಲ್ಲಿಯೂ ಅದು ಮೇಲಿನಿಂದ ಕೆಳಕ್ಕೆ ಇಳಿದಿದೆ. ಇನ್ನೂ ಮುಖ್ಯವಾದುದು ಬೇಡಿಕೊಳ್ಳೆಂಬ ಆ ಮಾತು. ಏನು ಕೊಡಬೇಕೆಂಬುದನ್ನು ತಾನೇ ತೀರ್ಮಾನಿಸುವ ಒಡೆಯನು ತನ್ನ ಔದಾರ್ಯವನ್ನು ಮೆರೆಯಬಲ್ಲನು, ಆದರೆ ಏನು ಬೇಕೆಂದು ಕೇಳುವ ಒಡೆಯನು ಎದುರಿನವನಿಗೆ ತನ್ನದೇ ಆದ ಮನಸ್ಸೊಂದಿದೆ ಎಂಬುದನ್ನು ಒಪ್ಪಿಕೊಳ್ಳುತ್ತಾನೆ. ಮಣಲೆರನ ಆಯ್ಕೆ ಅನಿರೀಕ್ಷಿತವಾಗಿದ್ದುದೇ ಆ ಸ್ವಾತಂತ್ರ್ಯ ನಿಜವಾಗಿತ್ತೆಂಬುದಕ್ಕೆ ಸಾಕ್ಷಿ. ಹೀಗೆಂದ ಮಾತ್ರಕ್ಕೆ ಆ ವ್ಯವಸ್ಥೆಯನ್ನು ಆದರ್ಶವೆಂದು ತಿಳಿಯಬೇಕಾಗಿಲ್ಲ. ಬನವಾಸಿ 12000ದಂಥ ನಾಡೊಂದು ಕೈಬದಲಾಯಿಸಿದಾಗ ಅಲ್ಲಿನ ಉಳುವವರನ್ನು ಯಾರೂ ಏನೂ ಕೇಳಲಿಲ್ಲ. ಯುದ್ಧ ಮಾಡಿದವರ ನಡುವಿನ ಕೃತಜ್ಞತೆಯ ಬೆಲೆಯನ್ನು ತೆತ್ತವರು ಅವರು. ಕೃತಜ್ಞತೆ ಕೆಳಕ್ಕೆ ಇಳಿದರೂ ನೆಲದವರೆಗೆ ಇಳಿಯಲಿಲ್ಲ ಎಂಬ ಮಿತಿಯನ್ನು ಗುರುತಿಸಿಯೇ ಆತಕೂರಿನ ಕಲ್ಲನ್ನು ಓದಬೇಕು.

ಈ ಶಾಸನ ಹುಟ್ಟುವುದಕ್ಕೆ ಕೆಲವೇ ವರ್ಷಗಳ ಹಿಂದೆ, ಸುಮಾರು 941ರಲ್ಲಿ, ಪಂಪನು ವಿಕ್ರಮಾರ್ಜುನ ವಿಜಯವನ್ನು ಬರೆದನು. ಜೋಳವಾಳಿಯ ಹಿರಿಮೆಯನ್ನೂ ಅದರ ದುರಂತವನ್ನೂ ಅಷ್ಟೊಂದು ನಿಷ್ಠುರವಾಗಿ ಒಟ್ಟಿಗೆ ತೋರಿದ ಕೃತಿ ಕನ್ನಡದಲ್ಲಿ ಇನ್ನೊಂದಿಲ್ಲವೆಂದೇ ಹೇಳಬಹುದು. ಆ ಕಾವ್ಯದ ಕರ್ಣನು ಕೃತಜ್ಞತೆಯ ಮೂರ್ತಿ. ಕುಲದ ಮಾತೆತ್ತಿ ಲೋಕವೆಲ್ಲ ತನ್ನನ್ನು ಹಳಿದಾಗ ಅಂಗರಾಜ್ಯವನ್ನು ಕೊಟ್ಟು ಎತ್ತಿ ಹಿಡಿದ ದುರ್ಯೋಧನನನ್ನು ಬಿಟ್ಟು ಬರುವುದು ಅವನಿಗೆ ಆಗದ ಮಾತು. ಕೃಷ್ಣನು ಬಂದು ಜನ್ಮರಹಸ್ಯವನ್ನು ತಿಳಿಸಿ, ಪಾಂಡವರಲ್ಲಿ ಹಿರಿಯನಾಗಿ ರಾಜ್ಯವನ್ನು ಆಳೆಂದು ಕರೆದಾಗ, ಕರ್ಣನು ನೆನೆಯುವುದು ರಾಜ್ಯ ಕೊಟ್ಟ ಉಪಕಾರವನ್ನು ಮಾತ್ರವಲ್ಲ, ಅಂತಃಪುರದ ನೆತ್ತದ ಆಟದಲ್ಲಿ ದುರ್ಯೋಧನನ ಹೆಂಡತಿ ಭಾನುಮತಿಯ ಮುತ್ತಿನ ಹಾರ ಹರಿದು ಚೆಲ್ಲಿದಾಗಲೂ ತನ್ನ ಗೆಳೆಯನಲ್ಲಿ ಕದಡದೆ ಉಳಿದ ನಂಬಿಕೆಯನ್ನು. ಆ ಪದ್ಯದಲ್ಲಿ ಭಾನುಮತಿಯೊಡನೆ ಆಡುತ್ತಿದ್ದವರು ಯಾರು ಎಂಬುದರ ಬಗೆಗೆ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದಿದೆ. ಅನ್ವಯ ಹೇಗೇ ಆದರೂ ಕರ್ಣನು ಆ ಪ್ರಸಂಗವನ್ನು ನೆನೆಯುವ ಕಾರಣ ಬದಲಾಗುವುದಿಲ್ಲ. ಅವನ ಋಣದ ತಳಹದಿ ತನ್ನನ್ನು ಸಂಶಯವಿಲ್ಲದೆ ನಂಬಿದ ಒಬ್ಬ ಮನುಷ್ಯನಿದ್ದಾನೆ ಎಂಬ ಅರಿವು.

ಪಂಪನ ಪ್ರತಿಭೆ ಇಲ್ಲಿಯೇ ಓದುಗರನ್ನು ಕಠಿಣವಾದ ಸಂಗತಿಯೊಂದರ ಎದುರು ನಿಲ್ಲಿಸುತ್ತದೆ. ಅದೇ ಮಾತುಕತೆಯಲ್ಲಿ ಕೃಷ್ಣನು ಹೇಳುವ ಪ್ರಕಾರ, ಹಿಂದೆ ಬೇಟೆಗೆ ಹೋದಾಗ ಸತ್ಯಂತಪರೆಂಬ ಮುನಿಗಳಿಂದ ಕರ್ಣನು ಕುಂತಿಯ ಮಗನೆಂಬುದನ್ನು ದುರ್ಯೋಧನನು ತಿಳಿದುಕೊಂಡಿದ್ದನು. ಪಾಂಡವರನ್ನು ಅವರ ಒಡಹುಟ್ಟಿದವನಿಂದಲೇ ಇಲ್ಲವಾಗಿಸುವ ಲೆಕ್ಕಾಚಾರದಿಂದ ಅವನನ್ನು ಸಲಹುತ್ತ ಬಂದನು. ಭೇದವನ್ನು ಹುಟ್ಟಿಸಲು ಬಂದ ಕೃಷ್ಣನ ಮಾತಾದುದರಿಂದ ಇದನ್ನು ಪೂರ್ತಿಯಾಗಿ ನಂಬುವುದು ಹೇಗೆ ಎಂಬ ಪ್ರಶ್ನೆ ಸಹಜವೇ. ಆದರೆ ಪಂಪನ ನಂತರ ಬಂದ ರನ್ನನು ತನ್ನ ಗದಾಯುದ್ಧದಲ್ಲಿ ಈ ಅರಿವನ್ನು ದುರ್ಯೋಧನನ ಬಾಯಿಯಿಂದಲೇ ನುಡಿಸುತ್ತಾನೆ. ಎಲ್ಲವೂ ಮುಗಿದ ಮೇಲೆ, ಸಂಜಯನೊಡನೆ ಹೆಣಗಳ ನಡುವೆ ನಡೆದುಹೋಗುವ ಕುರುರಾಜನು ಕರ್ಣನ ಕಳೇಬರದ ಮುಂದೆ ನಿಂತು ಗೋಳಾಡುತ್ತ, ಅವನ ಹುಟ್ಟನ್ನು ಬಲ್ಲ ಕೆಲವರಲ್ಲಿ ತಾನೂ ಒಬ್ಬನೆಂದು ಹೇಳಿಕೊಳ್ಳುತ್ತಾನೆ. ರನ್ನನ ದುರ್ಯೋಧನನ ಪ್ರೀತಿಯನ್ನು ಸಂಶಯಿಸುವಂತಿಲ್ಲ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯುವ ಹೃದಯ ಅವನದು. ಹಾಗಿದ್ದೂ ಕರ್ಣನು ಬದುಕಿದ್ದಾಗ ಅವನಿಗೆ ಸಲ್ಲಬೇಕಾಗಿದ್ದ ಸತ್ಯವನ್ನು ಅವನು ಸಲ್ಲಿಸಲಿಲ್ಲ.

ದುರ್ಯೋಧನನ ನಾಯಕತ್ವ ಸೋತುದು ಇಲ್ಲಿ ಎಂಬುದು ಈ ಲೇಖನದ ನಿಲುವು. ಅವನು ಉದಾರಿಯಾಗಿದ್ದನು, ಕುಲವನ್ನು ಮೀರಿ ಗುಣವನ್ನು ಗುರುತಿಸಿದ್ದನು, ಗೆಳೆತನದಲ್ಲಿ ಸಂಶಯಕ್ಕೆ ಎಡೆಗೊಟ್ಟಿರಲಿಲ್ಲ. ಇಂದಿನ ಯಾವ ಸಂಸ್ಥೆಯಾದರೂ ತನ್ನ ಮುಖ್ಯಸ್ಥನಲ್ಲಿ ಬಯಸುವ ಗುಣಗಳೇ ಇವು. ಆದರೆ ಯಾವ ತಿಳಿವಳಿಕೆಯಿಂದ ಅನುಯಾಯಿಗೆ ತನ್ನನ್ನು ಬಿಟ್ಟು ಹೋಗುವ ಸ್ವಾತಂತ್ರ್ಯ ದೊರೆಯುತ್ತಿತ್ತೋ ಆ ತಿಳಿವಳಿಕೆಯನ್ನು ಅವನು ಮುಚ್ಚಿಟ್ಟನು. ಕೃತಜ್ಞನಾದವನು ತಾನಾಗಿ ಉಳಿಯುವನೋ ಎಂಬುದನ್ನು ಪರೀಕ್ಷಿಸುವ ಧೈರ್ಯ ಅವನಿಗೆ ಇರಲಿಲ್ಲ. ವಿಷಾದದ ಸಂಗತಿಯೆಂದರೆ ಸತ್ಯ ತಿಳಿದ ಮೇಲೆಯೂ ಕರ್ಣನು ಉಳಿದನು. ಮುಚ್ಚಿಟ್ಟುದರಿಂದ ದುರ್ಯೋಧನನು ಗಳಿಸಿದುದು ಏನೂ ಇರಲಿಲ್ಲ. ಕಳೆದುಕೊಂಡುದು, ಎಲ್ಲವನ್ನೂ ಬಲ್ಲ ಒಬ್ಬ ಅಣ್ಣನು ಇಬ್ಬರು ದಾಯಾದಿಗಳ ನಡುವೆ ಕಾಲವಿದ್ದಾಗಲೇ ನಿಂತು ಯುದ್ಧವನ್ನು ತಡೆಯಬಹುದಾಗಿದ್ದ ಸಾಧ್ಯತೆಯನ್ನು. ಕರ್ಣನ ಕಡೆಯಿಂದ ನೋಡಿದರೂ, ಸತ್ಯ ಅವನನ್ನು ಮುಟ್ಟಿದುದು ಬೆಳೆಯಲು ಅವಕಾಶವೇ ಉಳಿಯದ ಹೊತ್ತಿನಲ್ಲಿ. ತಾನು ಯಾರೆಂಬುದನ್ನು ತಿಳಿದು ಆ ಬೆಳಕಿನಲ್ಲಿ ಬದುಕನ್ನು ಕಟ್ಟಿಕೊಳ್ಳುವ ಬದಲು, ಹೇಗೆ ಸಾಯಬೇಕೆಂಬುದನ್ನು ಮಾತ್ರ ಅವನು ಆರಿಸಿಕೊಳ್ಳಬೇಕಾಯಿತು.

ಪಂಪನ ಸ್ವಂತ ಬದುಕೂ ಇದೇ ಪ್ರಶ್ನೆಗೆ ಒಂದು ಉತ್ತರ. ಅವನು ವೇಮುಲವಾಡದ ಚಾಲುಕ್ಯ ಇಮ್ಮಡಿ ಅರಿಕೇಸರಿಯ ಆಶ್ರಿತ. ಆ ಅರಸನಿಂದ ಧರ್ಮಪುರವೆಂಬ ಅಗ್ರಹಾರವನ್ನು ಪಡೆದವನು. ಪಂಪನ ತಮ್ಮ ಜಿನವಲ್ಲಭನು ಈಗಿನ ತೆಲಂಗಾಣದ ಕುರಿಕ್ಯಾಲದಲ್ಲಿ ಬರೆಯಿಸಿದ ಶಾಸನವೂ ಇದನ್ನು ದೃಢಪಡಿಸುತ್ತದೆ. ಆ ಋಣವನ್ನು ತೀರಿಸಲು ಅವನು ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಇಡೀ ಭಾರತಕಥೆಯನ್ನೇ ತಿದ್ದಿ ಬರೆದನು, ಮತ್ತು ಆ ಸಮೀಕರಣದ ಸಲುವಾಗಿ ಕಥೆಗೆ ಕೆಲವೆಡೆ ಆಭಾಸವನ್ನೂ ತಂದುಕೊಂಡನು. ಅಷ್ಟಾಗಿಯೂ ತನ್ನ ಒಡೆಯನ ಪ್ರತಿರೂಪವಾದ ನಾಯಕನ ಬಾಣಕ್ಕೆ ಕರ್ಣನು ಬೀಳುವ ಹೊತ್ತಿನಲ್ಲಿ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಒಂದೇ ಚಿತ್ತದಿಂದ ಕರ್ಣನನ್ನು ನೆನೆಯಬೇಕೆಂದು ಓದುಗರಿಗೆ ಹೇಳುವ ಸ್ವಾತಂತ್ರ್ಯವನ್ನು ಅವನು ಬಿಟ್ಟುಕೊಡಲಿಲ್ಲ. ಆಶ್ರಯಕ್ಕೆ ಕೃತಜ್ಞನಾಗಿದ್ದೂ ಆಶ್ರಯದಾತನ ಕಣ್ಣಿನಿಂದಲೇ ಲೋಕವನ್ನು ನೋಡಬೇಕಾಗಿಲ್ಲವೆಂಬುದನ್ನು ಇದಕ್ಕಿಂತ ಗಂಭೀರವಾಗಿ ಯಾರೂ ತೋರಿಸಿಲ್ಲ. ಅರಿಕೇಸರಿಯ ಹಿರಿಮೆಗೂ ಇದು ಸಲ್ಲಬೇಕು, ಏಕೆಂದರೆ ಆ ಕಾವ್ಯ ಅವನ ಆಸ್ಥಾನದಲ್ಲಿಯೇ ಮನ್ನಣೆಯನ್ನು ಪಡೆಯಿತು.

ಕೊಡುವವನು ಹಿರಿಯನಾಗಿ, ಪಡೆಯುವವರು ಬಡವರಾಗಿದ್ದಾಗ ಈ ಸಮಸ್ಯೆ ಇನ್ನೂ ಸೂಕ್ಷ್ಮವಾಗುತ್ತದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ ಇದಕ್ಕೆ ಸಂಬಂಧಿಸಿದುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ದಾಸೋಹ ಮಾಡುವುದು ಅವರ ಕಾಯಕವಾಗಿತ್ತು. ದುಡಿಮೆಯಿಂದ ಬಂದುದನ್ನು ಅಹಂಕಾರವಿಲ್ಲದೆ ಸಮಾಜಕ್ಕೆ ಸಲ್ಲಿಸುವುದೇ ಶರಣರ ಮತದಲ್ಲಿ ದಾಸೋಹ. ಪರಂಪರೆಯ ಕಥೆಯಂತೆ ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಆಸೆಯೆಂಬುದು ಅರಸರಿಗಿರಲಿ, ತಮಗೇಕೆ ಎಂದು, ಇದ್ದ ಕಡೆಯಲ್ಲಿಯೇ ಅದನ್ನು ಸುರಿದು ಬರಲು ಗಂಡನನ್ನು ಕಳುಹಿಸಿದಳು. ಮಹಾಮನೆಯ ಬಗೆಗೆ ಅವಳಿಗೆ ಗೌರವ ಕಡಿಮೆಯಿರಲಿಲ್ಲ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಒಂದು ಹಿಡಿ ಅಕ್ಕಿ ಮನೆಗೆ ಬಂದ ದಿನದಿಂದ ತಾವು ಕಾಯಕದವರಾಗಿ ಉಳಿಯದೆ ಕೃಪೆಯ ಮೇಲೆ ಬದುಕುವವರಾಗುತ್ತೇವೆಂಬುದನ್ನು ಅವಳು ಕಂಡಿದ್ದಳು. ಗಂಡನ ಆಧ್ಯಾತ್ಮಿಕ ಬೆಳವಣಿಗೆ ಹೆಂಡತಿಯ ಈ ನಿಷ್ಠುರತೆಯಿಂದ ಆಯಿತು. ಕಾಯಕದಲ್ಲಿ ತೊಡಗಿರುವಾಗ ಗುರುವನ್ನೂ ಲಿಂಗವನ್ನೂ ಮರೆತರೆ ತಪ್ಪಿಲ್ಲವೆಂಬ ನಿಲುವನ್ನು ಮುಂದೆ ತನ್ನ ವಚನದಲ್ಲಿ ಸಾರಿದವನು ಅದೇ ಮಾರಯ್ಯ. ಬಸವಣ್ಣನವರ ನಾಯಕತ್ವದ ಹಿರಿಮೆಯನ್ನು ಅಳೆಯಲು ಅವರು ಎಷ್ಟು ಮಂದಿಗೆ ಅನ್ನವಿಟ್ಟರೆಂಬುದಕ್ಕಿಂತ, ಅವರ ಅಂಗಳದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಬಲ್ಲ ಹೆಣ್ಣುಮಗಳೊಬ್ಬಳು ಅದೇ ಸಮುದಾಯದಲ್ಲಿ ಶರಣೆಯಾಗಿ ಮಾನ್ಯಳಾದಳು ಎಂಬುದು ಸರಿಯಾದ ಅಳತೆಗೋಲು.

ಆಧುನಿಕ ಕಾಲದ ಒಂದು ನಿದರ್ಶನವನ್ನು ಹಳೆಯ ಮೈಸೂರಿನಿಂದ ಎತ್ತಿಕೊಳ್ಳಬಹುದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ನೇಮಿಸಿದರು. ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕು ಮೊದಲಾದ ಸಂಸ್ಥೆಗಳು ಆ ಇಬ್ಬರ ಸಹಕಾರದ ಫಲ. ಬ್ರಾಹ್ಮಣೇತರ ಸಮುದಾಯಗಳಿಗೆ ಸರ್ಕಾರಿ ಉದ್ಯೋಗಗಳಲ್ಲಿ ನ್ಯಾಯವಾದ ಪಾಲು ದೊರೆಯಬೇಕೆಂಬ ಬೇಡಿಕೆಯನ್ನು ಮಹಾರಾಜರು ಮನ್ನಿಸಿ, 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿದರು. ನೇಮಕಾತಿಗೆ ಅರ್ಹತೆಯೊಂದೇ ಆಧಾರವಾಗಬೇಕೆಂದು ನಂಬಿದ್ದ ದಿವಾನರು ಅದನ್ನು ಒಪ್ಪಲಾರದೆ ಆ ವರ್ಷದ ಕೊನೆಯಲ್ಲಿ ಅಧಿಕಾರದಿಂದ ಹೊರನಡೆದರು. ಈ ಭಿನ್ನಾಭಿಪ್ರಾಯದಲ್ಲಿ ಇತಿಹಾಸ ಮಹಾರಾಜರ ಪರವಾಗಿದೆ; ಶತಮಾನಗಳಿಂದ ಶಾಲೆಯ ಬಾಗಿಲನ್ನೇ ಕಾಣದವರನ್ನು ಅರ್ಹತೆಯೊಂದರಿಂದಲೇ ಅಳೆಯುವುದು ನ್ಯಾಯವಲ್ಲವೆಂಬುದನ್ನು ಅವರು ಕಂಡಿದ್ದರು. ಇಲ್ಲಿ ಗಮನಿಸಬೇಕಾದುದು ಇಬ್ಬರ ನಡತೆ. ದೊಡ್ಡ ಅವಕಾಶವನ್ನು ಕೊಟ್ಟ ಪ್ರಭುವಿಗೆ ಋಣಿಯಾಗಿದ್ದೂ ವಿಶ್ವೇಶ್ವರಯ್ಯನವರು ತಮ್ಮ ನಂಬಿಕೆಗೆ ವಿರುದ್ಧವಾಗಿ ಹುದ್ದೆಯಲ್ಲಿ ಮುಂದುವರಿಯಲಿಲ್ಲ. ಮಹಾರಾಜರು ಆ ನಿರ್ಗಮನವನ್ನು ದ್ರೋಹವೆಂದು ತಿಳಿಯಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಷ್ಟದಲ್ಲಿದ್ದಾಗ ಅದರ ಮಂಡಳಿಯ ಅಧ್ಯಕ್ಷರಾಗಿ ವಿಶ್ವೇಶ್ವರಯ್ಯನವರೇ ಮತ್ತೆ ಹೊಣೆ ಹೊತ್ತರು. ಸಂಸ್ಥಾನಕ್ಕೆ ಆ ಐದು ವರ್ಷಗಳ ಅಂತರ ನಷ್ಟವಾಗಲಿಲ್ಲ. ಒಪ್ಪದಿರುವುದನ್ನೂ ಜೊತೆಯಲ್ಲಿ ದುಡಿಯುವುದನ್ನೂ ಒಂದೇ ಸಂಬಂಧ ತಾಳಿಕೊಳ್ಳಬಲ್ಲದೆಂಬುದು ಅದರಿಂದ ಸಾಬೀತಾಯಿತು.

ಇಂಥ ತಾಳಿಕೆ ಇಂದಿನ ಸಾರ್ವಜನಿಕ ಬದುಕಿನಲ್ಲಿ ಕಡಿಮೆಯಾಗಿದೆ. ಪಕ್ಷದ ಟಿಕೆಟನ್ನು ಕೊಟ್ಟವರು, ಮಠದ ವಿದ್ಯಾಸಂಸ್ಥೆಯಲ್ಲಿ ಕೆಲಸ ಕೊಡಿಸಿದವರು, ಕಚೇರಿಯಲ್ಲಿ ಬಡ್ತಿಗೆ ಶಿಫಾರಸು ಮಾಡಿದವರು ಆ ಉಪಕಾರವನ್ನು ಬಾಯಿ ಮುಚ್ಚಿಸುವ ಬೀಗದಂತೆ ಬಳಸುವುದು ಅಪರೂಪವಲ್ಲ. ಇದರ ಅತಿ ನೋವಿನ ರೂಪ ಚುನಾವಣೆಯ ಹಿಂದಿನ ರಾತ್ರಿಗಳಲ್ಲಿ ಕಾಣಿಸುತ್ತದೆ. ಮತದಾನ ಗುಪ್ತವಾದುದು, ಯಾರಿಂದ ಏನು ಪಡೆದಿದ್ದರೂ ಮತವನ್ನು ತನ್ನ ತಿಳಿವಿಗೆ ತಕ್ಕಂತೆ ಹಾಕುವ ರಕ್ಷಣೆಯನ್ನು ಕಾನೂನು ಬಡವನಿಗೆ ಕೊಟ್ಟಿದೆ. ಆದರೆ ಹಣದ ಜೊತೆಗೆ ದೇವರ ಮೇಲೆ ಆಣೆಯನ್ನೂ ಮಾಡಿಸಿಕೊಳ್ಳುವವರಿಗೆ ಬಡವನ ಮನಸ್ಸಿನ ರಚನೆ ಚೆನ್ನಾಗಿ ತಿಳಿದಿದೆ: ಪಡೆದುದಕ್ಕೆ ಪ್ರತಿಯಾಗಿ ಏನನ್ನೂ ಮಾಡದಿರುವುದು ಅವನಿಗೆ ಅಧರ್ಮವಾಗಿ ಕಾಣುತ್ತದೆ. ಅವನಲ್ಲಿರುವ ಒಳ್ಳೆಯ ಗುಣವೇ ಅವನ ಕೈಕಟ್ಟುತ್ತದೆ. ಅವನಿಗೆ ಕೃತಜ್ಞತೆಯನ್ನು ಬಿಡೆಂದು ಉಪದೇಶಿಸುವುದು ಕ್ರೂರವಾದೀತು. ಆ ಗುಣವನ್ನು ಕೊಳ್ಳಬಹುದಾದ ಸರಕೆಂದು ತಿಳಿದವರ ಮೇಲೆ ದೋಷವನ್ನು ಹೊರಿಸುವುದು ನ್ಯಾಯ.

ಜೋಳವಾಳಿಯ ನೀತಿಯನ್ನೇ ಪ್ರಜಾಪ್ರಭುತ್ವಕ್ಕೆ ಅನ್ವಯಿಸಿದರೆ ಅದರ ದಿಕ್ಕು ಪೂರ್ತಿಯಾಗಿ ತಿರುಗುತ್ತದೆ. ಶಾಸಕನ ವೇತನ, ಅಧಿಕಾರಿಯ ವಾಹನ, ಪಂಚಾಯಿತಿಯ ಕಟ್ಟಡ ಇವೆಲ್ಲಕ್ಕೂ ಹಣ ಬರುವುದು ಬೆಂಕಿಪೊಟ್ಟಣವನ್ನು ಕೊಳ್ಳುವಾಗಲೂ ತೆರಿಗೆ ಕಟ್ಟುವ ಜನರಿಂದ. ಹಾಗಾಗಿ ಇಲ್ಲಿ ಜೋಳ ಉಂಡವನು ಆಯ್ಕೆಯಾದವನು, ಅದನ್ನು ಇಟ್ಟವನು ಮತದಾರ. ಆದರೂ ಗ್ರಾಮಸಭೆಯಲ್ಲಿ ಮನೆಗಳ ಹಂಚಿಕೆಯ ಲೆಕ್ಕವನ್ನು ಕೇಳಿದ ಹೆಣ್ಣುಮಗಳಿಗೆ, ನಿನ್ನ ಮನೆಯನ್ನು ಮಂಜೂರು ಮಾಡಿಸಿಕೊಟ್ಟವರನ್ನೇ ಪ್ರಶ್ನಿಸುತ್ತೀಯಾ ಎಂಬ ಮಾತು ಎದುರಾಗುತ್ತದೆ, ಮತ್ತು ಅನೇಕ ಕಡೆ ಅವಳು ಸಂಕೋಚದಿಂದ ಕುಳಿತುಬಿಡುತ್ತಾಳೆ. ಅವಳು ಕೇಳಿದ ಲೆಕ್ಕವನ್ನು ಓದಿ ಹೇಳುವುದು ಅಧ್ಯಕ್ಷನ ಔದಾರ್ಯವಲ್ಲ, ಅವನು ತೀರಿಸಬೇಕಾದ ಋಣ. ಅವಳಿಗೆ ಕೈಮುಗಿದು, ಕಡತವನ್ನು ತರಿಸಿ, ಯಾರಿಗೆ ಯಾವ ಕಾರಣಕ್ಕೆ ಮನೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದನ್ನು ಸಭೆಯ ಮುಂದೆ ಓದಲು ಅವನು ಸಿದ್ಧನಾಗಬೇಕು. ಆ ಪಟ್ಟಿಯಲ್ಲಿ ತನ್ನ ಬಂಧುಗಳ ಹೆಸರಿದ್ದರೆ ಅದನ್ನೂ ಗಟ್ಟಿಯಾಗಿಯೇ ಓದಬೇಕು.